ಸದ್ದು ಮಾಡದ ಮೆಷಿನ್

ಅಂಗಡಿಯ ಬಿಲ್ಲಿಂಗ್ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ತಾಯಿ ಮತ್ತು ಮಗ ನಿಂತಿದ್ದರು. ಅವರ ಟ್ರಾಲಿಯಲ್ಲಿ ಮನೆಯಲ್ಲೇ ಬ್ರೆಡ್ ಮಾಡುವ ಎರಡು ಮೆಷಿನ್‌ಗಳಿದ್ದವು. ಯಾವುದನ್ನು ಕೊಳ್ಳಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ.

“ನೀನೇ ಹೇಳಮ್ಮ, ಯಾವುದು ತಗೊಳ್ಳೋಣ?”

“ಇಷ್ಟು ವರ್ಷ ಕೈಯಲ್ಲೇ ಹಿಟ್ಟು ನಾದಿದೋಳು ನಾನು. ಮೆಷಿನ್ ವಿಷಯ ನಂಗೇನು ಗೊತ್ತು?”

“ಮಕ್ಕಳು ಅಂಗಡಿ ಬ್ರೆಡ್ ಮುಟ್ಟಲ್ಲ. ನೀನು ಅಣ್ಣನ ಮನೆಗೆ ಹೋದ್ಮೇಲೆ ಅವಕ್ಕೆ ಏನು ಕೊಡೋದು?”

“ಹೋಗ್ತೀನಿ ಅಂತ ನಾನಾಗೇ ಅಂದ್ನೇನೋ?”

“ಮತ್ತೆ ಶುರು ಮಾಡ್ಬೇಡ. ನಿಂಗೂ ಅವಳಿಗೂ ಒಂದು ದಿನಾನೂ ಸರಿಹೋಗಲಿಲ್ಲ. ನಡುವೆ ಸಿಕ್ಕಿ ನಾನೇನು ಮಾಡ್ಲಿ?”

ತಾಯಿ ದೊಡ್ಡ ಡಬ್ಬದ ಮೇಲೆ ಕೈಯಿಟ್ಟರು.

“ನಾದೋವಾಗ ಇದು ಸದ್ದು ಮಾಡುತ್ತಾ?”

“ಸ್ವಲ್ಪ ಮಾಡುತ್ತಂತೆ. ಆ ಚಿಕ್ಕದರಲ್ಲಿ ಸದ್ದೇ ಇಲ್ವಂತೆ.”

“ಹಾಗಾದ್ರೆ ಚಿಕ್ಕದೇ ತಗೋ. ಬಾಯಿ ಬಿಡದೆ ಕೆಲಸ ಮಾಡೋದಾದ್ರೆ ನಿನ್ನ ಹೆಂಡತಿ ಮನೇಲಿ ಇಟ್ಕೊಳ್ತಾಳೆ.”

ಮಗ ದೊಡ್ಡದನ್ನು ಪಕ್ಕದ ಕಪಾಟಿನಲ್ಲಿಟ್ಟು, ಚಿಕ್ಕದಕ್ಕೆ ಬಿಲ್ ಹಾಕಿಸಿ, ಅದನ್ನು ಎದೆಗವಚಿಕೊಂಡು ಬಾಗಿಲ ಕಡೆ ನಡೆದ. ತಾಯಿ ಒಬ್ಬರೇ ನಿಧಾನವಾಗಿ ಹಿಂದೆ ಹೋದರು.