ತಿದ್ದಿ ಕಳಿಸಿದ ಕಾಗದ

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಅಧ್ಯಕ್ಷರಾದ ಶ್ರೀ ಆಂಬ್ರೋಸ್ ಟಾಲಿಯವರೇ, ಮುಂದಿನ ಸಾಲಿನಲ್ಲಿರುವ ಅವರ ಶ್ರೀಮತಿ ಮ್ಯೂರಿಯಲ್ ಅವರೇ, ಕೇಕಿಗಾಗಿ ಬಂದು ಭಾಷಣಕ್ಕೆ ಸಿಕ್ಕಿಬಿದ್ದ ಸಭಿಕರೇ,

ಲೀಡ್ಸಿನ ಈ ನಿಘಂಟು ಕಚೇರಿಯಲ್ಲಿ ಮೂವತ್ತೊಂಬತ್ತು ವರ್ಷ ಇಂಗ್ಲಿಷಿನ ಬೆಳಕಿನ ಪದಗಳನ್ನು ನೋಡಿಕೊಂಡ ಹೆಸ್ಟರ್ ಪಿಲ್ಬೀಮ್ ಎಂಬ ನಾನು ಇಂದು ನಿವೃತ್ತಳಾಗುತ್ತಿದ್ದೇನೆ. ಸನ್ಮಾನಪತ್ರದಲ್ಲಿ ನನ್ನ ಸೇವೆ 'ಗ್ಲಿಟರ್' ಆಗುತ್ತಿತ್ತೆಂದು ಬರೆದಿದ್ದೀರಿ. ನಿಘಂಟಿನವರೇ ಹೀಗೆ ಬರೆದರೆ ಹೇಗೆ ಸ್ವಾಮಿ? ಗ್ಲಿಟರ್ ಎಂದರೆ ಒಣ ಹೊಳಪು. ಚೂರುಚೂರಾಗಿ, ತಣ್ಣಗೆ ಕಣ್ಣು ಕುಕ್ಕುವಂಥದ್ದು. ಗ್ಲೀಮ್ ಎಂದರೆ ಉಜ್ಜಿದ ಹಿತ್ತಾಳೆಯ ಮೇಲೆ ನಿಂತ ಹೊಳಪು. ಗ್ಲಿಮರ್ ಎಂದರೆ ಇದೆಯೋ ಇಲ್ಲವೋ ಎನ್ನುವ ಮಿಣುಕು. ನೆಲಮಾಳಿಗೆಯಲ್ಲಿ ನೀವು ನನಗೆ ಕೊಟ್ಟ ದೀಪ ಅಂಥದ್ದು. ಇನ್ನು ಗ್ಲಿಸನ್ ಎಂದರೆ ಒದ್ದೆ ಹೊಳಪು. ಅದಕ್ಕೆ ನೀರು ಬೇಕು.

ಈ ವ್ಯತ್ಯಾಸ ನನಗೆಷ್ಟು ದುಬಾರಿಯಾಯಿತು ಗೊತ್ತೇ? ಕೆಲಸಕ್ಕೆ ಸೇರಿದ ಎರಡನೇ ವರ್ಷ ಪಕ್ಕದ ಮೇಜಿನ ಯುವಕ ನನಗೊಂದು ಕಾಗದ ಬರೆದ. "ಹೆಸ್ಟರ್, ನಿನ್ನೆ ನಾಟಕ ನೋಡಿ ನೀನು ಅಳುವಾಗ ನಿನ್ನ ಕಣ್ಣು ಗ್ಲಿಟರ್ ಆಗ್ತಿತ್ತು. ನನ್ನ ಮದುವೆ ಆಗ್ತೀಯಾ?" ಅಳುವ ಕಣ್ಣು ಗ್ಲಿಟರ್ ಆಗುವುದುಂಟೇ? ನೀಲಿ ಪೆನ್ಸಿಲ್ಲಿನಲ್ಲಿ ಆ ಪದ ಹೊಡೆದುಹಾಕಿ, ಅಂಚಿನಲ್ಲಿ 'ಗ್ಲಿಸನ್' ಎಂದು ತಿದ್ದಿ, ಅವನ ಟ್ರೇಗೆ ವಾಪಸು ಹಾಕಿದೆ. ನಮ್ಮ ಕಚೇರಿಯ ಪದ್ಧತಿ ನಿಮಗೆ ಗೊತ್ತೇ ಇದೆ. ತಿದ್ದಿದ ಮೇಲೆ, ತಪ್ಪು ಸರಿಪಡಿಸಿದ ಪ್ರತಿ, ಅಂದರೆ ಎರಡನೇ ಪ್ರೂಫ್ ಬರಬೇಕು. ಒಪ್ಪಿಗೆಯ ರುಜು ಬೀಳುವುದು ಅದರ ಮೇಲೆ. ನಾನು ಪೆನ್ನು ತೆರೆದಿಟ್ಟುಕೊಂಡು ಕಾದೆ. ಹೌದು, ಕಾದೆ. ನನಗೆ ಅವನು ಬಹಳ ಇಷ್ಟವಾಗಿದ್ದ.

ಪ್ರೂಫ್ ಬರಲಿಲ್ಲ. ಮೂರು ತಿಂಗಳಿಗೆ ಬೆರಳಚ್ಚು ವಿಭಾಗದ ಹುಡುಗಿ ಕಾಗದ ಹಿಡಿದು ಓಡಿಬಂದಳು. "ಹೆಸ್ಟರ್, ನೋಡೇ! ಈರುಳ್ಳಿ ಹೆಚ್ಚುವಾಗ ನನ್ನ ಕಣ್ಣು ಗ್ಲಿಟರ್ ಆಗ್ತಿತ್ತಂತೆ! ಎಷ್ಟು ಚೆನ್ನಾಗಿ ಬರೀತಾರೆ ಅಲ್ವಾ?" ಅದೇ ಒಕ್ಕಣೆ, ಅದೇ ತಪ್ಪು! ಮ್ಯೂರಿಯಲ್ ಅವರೇ, ನೀವು ಜಾಣೆ. ತಿದ್ದದೆ ರುಜು ಹಾಕಿದಿರಿ.

ಅಧ್ಯಕ್ಷರೇ, ನಾನು ಬೇಡವೆಂದಿರಲಿಲ್ಲ. ಒಂದು ಪದ ತಿದ್ದಿದ್ದೆ, ಅಷ್ಟೆ. ಇದನ್ನು ಹೇಳಲು ನನಗೆ ಮೂವತ್ತೇಳು ವರ್ಷವೂ ಒಂದು ಮೈಕೂ ಬೇಕಾಯಿತು.

ಕನ್ನಡಕ ಏಕೆ ತೆಗೆದಿರಿ? ಇರಿ, ಒರೆಸಬೇಡಿ. ಸಭಿಕರೇ, ಅಧ್ಯಕ್ಷರ ಕಣ್ಣು ಹಿಂದಿನ ಸಾಲಿನವರಿಗೂ ಕಾಣುತ್ತಿದೆಯೇ? ಇದು ಗ್ಲಿಟರ್ ಅಲ್ಲ. ಎರಡನೇ ಪ್ರೂಫ್ ಕೊನೆಗೂ ಬಂತು. ತಿದ್ದುವುದೇನೂ ಇಲ್ಲ.

ಮ್ಯೂರಿಯಲ್, ಅವರಿಗೊಂದು ಕರವಸ್ತ್ರ ಕೊಡಿ. ಕೇಕಿಗೂ ನಿಮ್ಮೆಲ್ಲರ ತಾಳ್ಮೆಗೂ ವಂದನೆಗಳು. ನಮಸ್ಕಾರ.