ಬೆವರು ಆರದ ಕುದುರೆ

ಇದು ಕಟ್ಟುಕತೆಯಲ್ಲ. ನಮ್ಮ ಪಕ್ಕದ ಮನೆಯ ಲಾಯದಣ್ಣನಿಗೆ ಆದದ್ದು.

ಲಾಯದಣ್ಣ ರೇಸ್ ಕುದುರೆಗಳನ್ನು ನೋಡಿಕೊಳ್ಳುವವನು. ಆ ರಾತ್ರಿ ಹಳೇ ಬಾವಿಯ ದಾರಿ ಹಿಡಿದು ಮನೆಗೆ ಬರುತ್ತಿದ್ದ. ಸಂಜೆ ಅವನು ನೋಡಿಕೊಳ್ಳುತ್ತಿದ್ದ ಕುದುರೆ ಕೆಂಪಿ ಸತ್ತಿದ್ದಳು. ರೇಸಿನ ಕೊನೇ ತಿರುವಿನಲ್ಲಿ ಮುಂಗಾಲು ಮುರಿಯಿತು. ಜನಕ್ಕೆ ಕಾಣದಂತೆ ಪರದೆ ಹಿಡಿದರು. ಡಾಕ್ಟರು ಪ್ರಾಣ ಹೋಗುವ ಇಂಜೆಕ್ಷನ್ ಕೊಟ್ಟರು. ಪರದೆಯ ಆಚೆ ಮುಂದಿನ ರೇಸಿನ ಗಂಟೆ ಹೊಡೆಯಿತು.

ಡಾಕ್ಟರು ಓದಿದವರು. ಸಮಾಧಾನಕ್ಕೆ ಹೇಳಿದರು: “ಒಂದು ಕಾಲಕ್ಕೆ ಕುದುರೆ ನಾಯಿಯಷ್ಟೇ ಇತ್ತಯ್ಯ. ಮುಂಗಾಲಿಗೆ ನಾಲ್ಕು ಬೆರಳು. ಓಡೀ ಓಡೀ ಒಂದೇ ಬೆರಳು ಉಳಿಸಿಕೊಂಡಿದೆ. ಅಷ್ಟು ಭಾರ ಒಂದು ಬೆರಳ ಮೇಲೆ ಅಂದ್ರೆ... ಏನ್ ಮಾಡೋಕಾಗುತ್ತೆ?”

“ಹೌದು ಸಾರ್,” ಅಂದ ಲಾಯದಣ್ಣ.

ಕೆಂಪಿಯ ವಂಶಾವಳಿ ಮುನ್ನೂರು ವರ್ಷದ ಹಿಂದಿನ ಗಂಡುಕುದುರೆಯವರೆಗೂ ಅಚ್ಚಾಗಿತ್ತು. ಲಾಯದಣ್ಣನಿಗೆ ತನ್ನ ಮುತ್ತಜ್ಜನ ಹೆಸರೂ ಗೊತ್ತಿಲ್ಲ. ಆದರೂ ಮನೆಗೆ ನಡೆದುಕೊಂಡು ಹೋಗುತ್ತಿದ್ದವನು ಅವನು, ಅವಳಲ್ಲ.

ಅಳು ಬರಲಿಲ್ಲ. ಹಸಿವೂ ಇರಲಿಲ್ಲ. ಒಂದು ಮಾತ್ರ ತಲೆಯಿಂದ ಹೋಗುತ್ತಿರಲಿಲ್ಲ. ಓಡಿ ಬಂದ ಕುದುರೆಯನ್ನು ಬೆವರು ಆರುವವರೆಗೆ ನಡೆಸಬೇಕು, ಆಮೇಲೆ ನೀರು. ಇಷ್ಟು ವರ್ಷದಲ್ಲಿ ಅವನು ಅದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಕೆಂಪಿ ಬಿಸಿಮೈಯಲ್ಲೇ, ಬಾಯಾರಿಯೇ ಹೋದಳು.

ಬಾವಿ ಹತ್ತಿರವಾಯಿತು. ಹಿಂದೆ ಸದ್ದು...

ಟಣ್... ಟಣ್... ಟಣ್... ಟಣ್...

ರೇಸಿಗೆ ಹಾಕುವ ತೆಳು ಲಾಳದ್ದು. ತಟ್ಟೆಗೆ ಚಮಚ ತಾಗಿದ ಹಾಗೆ. ಅವನು ನಿಂತ. ಅದೂ ನಿಂತಿತು. ನಡೆದ. ನಡೆಯಿತು. ಕಿವಿಗೊಟ್ಟ. ನಾಲ್ಕು ಹೆಜ್ಜೆಯೂ ಸರಿಯಾಗಿ ಬೀಳುತ್ತಿದ್ದವು... ಮುರಿದ ಕಾಲಿನದ್ದೂ.

ಕುತ್ತಿಗೆಗೆ ಬಿಸಿ ಉಸಿರು ತಾಗಿತು. ಫುರ್ರ್...

ಬೇರೆಯವರಾಗಿದ್ದರೆ ಓಡುತ್ತಿದ್ದರು. ರೇಸ್ ಕುದುರೆಯ ಮುಂದೆ ಓಡಿ ಪ್ರಯೋಜನವಿಲ್ಲ ಎಂದು ಲಾಯದಣ್ಣನಿಗೆ ಗೊತ್ತಿತ್ತು. ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದ. ಎದೆ ಸಿಕ್ಕಿತು. ಒದ್ದೆ. ಸುಡುತ್ತಿತ್ತು.

ಮೂತಿಯೊಂದು ಅವನನ್ನು ಬಾವಿಯ ಕಡೆ ತಳ್ಳಿತು.

“ಬೇಡ ಕಣೇ,” ಪಿಸುಗುಟ್ಟಿದ. “ಬಿಸಿಮೈಗೆ ನೀರು ಕುಡಿದ್ರೆ ಹೊಟ್ಟೆನೋವು ಬರುತ್ತೆ.”

ಸತ್ತವಳಿಗೆ ಹೊಟ್ಟೆನೋವಿನ ಹೆದರಿಕೆ ಹಾಕಿದ್ದು ಆಗ ಅವನಿಗೆ ವಿಚಿತ್ರ ಅನ್ನಿಸಲಿಲ್ಲವಂತೆ.

ಧಪ್! ಗೊರಸು ನೆಲಕ್ಕೆ ಬಡಿಯಿತು.

“ಹಟ ಮಾಡಬೇಡ. ಬಾ, ಸುತ್ತು ಹಾಕೋಣ.”

ಬಾವಿಯ ಸುತ್ತ ನಡೆದರು. ಆಗಾಗ ಕೈ ಹಿಂದೆ ಚಾಚಿ ನೋಡುತ್ತಿದ್ದ. “ಇನ್ನೂ ಇಲ್ಲ...” ಮತ್ತೆ ಸುತ್ತು. “ಇನ್ನೊಂಚೂರು...” ಬೆಳಕು ಹರಿಯುವ ಹೊತ್ತಿಗೆ ಎದೆ ತಣ್ಣಗಾಗಿತ್ತು. ಬೇಕಾದ್ದಕ್ಕಿಂತ ತಣ್ಣಗೆ.

ರಾಟೆ ಕೀರ್ ಎಂದಿತು. ಬಕೆಟ್ಟನ್ನು ಕಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡ.

“ಈಗ ಕುಡಿ.”

ಗುಟುಕ್... ಗುಟುಕ್... ಗುಟುಕ್...

ಆಮೇಲೆ ಏನೂ ಇಲ್ಲ.

ಮನೆಗೆ ಬಂದು, ಅಂಗಿ ಕಳಚಿ ಮಲಗಿದ. ಹೆಂಡತಿ ಅಂಗಿ ಎತ್ತಿಕೊಂಡು ಮೂಗು ಮುರಿದಳು. “ಏನ್ರೀ ಇದು, ಭುಜದ ತುಂಬಾ ಜೊಲ್ಲು! ಹುಲ್ಲು ಬೇರೆ ಮೆತ್ತಿದೆ!”

ಲಾಯದವನ ಅಂಗಿಯಲ್ಲಿ ಕುದುರೆಯ ಜೊಲ್ಲು ಏನು ದೊಡ್ಡ ವಿಷಯ, ಅಂತೀರಿ. ಸರಿ. ಆದರೆ ಆ ಹುಲ್ಲು ಹಚ್ಚ ಹಸಿರು. ಆ ಲಾಯದಲ್ಲಿ ಯಾವ ಕುದುರೆಗೂ ಒಣಹುಲ್ಲು ಬಿಟ್ಟು ಬೇರೆ ಹುಲ್ಲು ಹಾಕುವುದಿಲ್ಲ. ಅಂಗಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ.