ರಾಜ ನೆಟ್ಟಗಿರಬೇಕು

ಮೈಸೂರಿನ ಪ್ರಾಚೀನ ವಸ್ತುಗಳ ಕಚೇರಿಯಿಂದ ನಮ್ಮ ಹಿರಿಯೂರಿಗೆ ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ದಯಮಾಡಿಸಿರುವ ಅಧ್ಯಕ್ಷ ಮಹಾಶಯರೇ, ಇಂದಿನ ಸನ್ಮಾನಿತರೂ ನನ್ನ ಗುರುಗಳೂ ಆದ ಗಂಗಾಧರಪ್ಪ ಮೇಷ್ಟ್ರೇ, ಚಿತ್ರದುರ್ಗದಿಂದ ಬಂದು ಮುಂದಿನ ಸಾಲಿನಲ್ಲಿ ಆಗಲೇ ನಗುತ್ತಿರುವ ವಕೀಲ ಪಂಚಾಕ್ಷರಪ್ಪನವರೇ, ತಾಯಂದಿರೇ, ಸಭಿಕರೇ,

ಈ ಕಾಟಲಿಂಗಪ್ಪನಿಗೆ ಐದು ನಿಮಿಷ ಕೊಟ್ಟಿದ್ದಾರೆ. ಗುರುಗಳ ಗುಣಗಾನಕ್ಕೆ ಐದು ನಿಮಿಷ ಸಾಕೇ? ಅಧ್ಯಕ್ಷರ ನಿರ್ಣಯಕ್ಕೆ ಮೊದಲೇ ಸನ್ಮಾನ ಯಾಕಯ್ಯ ಎಂದು ಕೆಲವರು ಕೇಳಿದರು. ಹಾರ ಬಾಡುತ್ತದೆ ಸ್ವಾಮಿ!

ಮಾರಿಕಣಿವೆಯ ನಾಲೆ ತೋಡುವಾಗ ಮುದ್ದಣ್ಣನ ಗುದ್ದಲಿಗೆ ಒಂದು ಕಂಚಿನ ಕಾಸು ಸಿಕ್ಕಿತು. ನಾವೆಲ್ಲ ಅಂಗಿಯ ಗುಂಡಿ ಎಂದೆವು. ಗುರುಗಳು ಮಾತ್ರ ರೋಮ್ ದೊರೆಗಳ ಕೊನೆಗಾಲದ ನಾಣ್ಯ ಎಂದರು. ಇಂಥ ಕಾಸುಗಳಲ್ಲಿ ಸಾಮಾನ್ಯವಾಗಿ ದೊರೆಯ ಮುಖ ಬಲಕ್ಕಿರುತ್ತದಂತೆ. ನಮ್ಮ ದೊರೆ ಎಡಕ್ಕೆ ನೋಡುತ್ತಾನೆ! ಹಿಂಬದಿಯಲ್ಲಿ ಒಬ್ಬ ಸಿಪಾಯಿ, ಕುದುರೆಯಿಂದ ಬಿದ್ದವನನ್ನು ಈಟಿಯಲ್ಲಿ ತಿವಿಯುತ್ತಿದ್ದಾನೆ. ಸಿಪಾಯಿಯ ಕಾಲಡಿ ಒಂದು ಗೆರೆ, ಗೆರೆಯ ಕೆಳಗೆ ಎಳ್ಳಿನಷ್ಟು ಸಣ್ಣ ಅಕ್ಷರಗಳು. ಯಾವ ಊರಿನ ಟಂಕಸಾಲೆಯಲ್ಲಿ ಈ ಕಾಸು ಅಚ್ಚಾಯಿತು? ಅದನ್ನು ಹೇಳುವುದು ಆ ಅಕ್ಷರಗಳೇ, ಅವಷ್ಟೇ.

ಎರಡು ಮಳೆಗಾಲ ಗುರುಗಳು ಭೂತಗನ್ನಡಿ ಕೆಳಗಿಡಲಿಲ್ಲ. ಮನೆಯವರಾದ ಕೊಟ್ರಮ್ಮನವರು ಒಮ್ಮೆ ನನ್ನೆದುರೇ ಅಂದರು: "ಆ ರಾಜನ ಮಕ ನೋಡಿದಂಗೆ ಒಂದಿನನಾರ ನನ್ ಮಕ ನೋಡೀರೇನ್ರಿ?" ಕೊನೆಗೆ ಗುರುಗಳು ಅಲೆಕ್ಸಾಂಡ್ರಿಯ ಎಂದು ಓದಿದರು. ಪಂಚಾಕ್ಷರಪ್ಪನವರು ಕಾಸನ್ನು ನೋಡದೆಯೇ ಅಲ್ಲ, ಅಂತಿಯೋಕ್ ಪಟ್ಟಣ ಎಂದರು. ಗುರುಗಳು ಅರಗಿನಲ್ಲಿ ಅಚ್ಚೊತ್ತಿ ಕಳಿಸಿದರೆ ವಕೀಲರಿಂದ ಬಂದ ಉತ್ತರವೇನು? "ಅರಗಿನಾಗೆ ನಮ್ಮ ಎಮ್ಮೆ ಹೆಸರೂ ಬರೀಬೌದು. ಕಾಸು ತಂದು ತೋರ್ಸಪ್ಪ!"

ತೋರಿಸುವ ದಿನ ಇದೇ. ಅಧ್ಯಕ್ಷರು ಕಣ್ಣಾರೆ ಆ ಅಕ್ಷರ ಕಂಡರೆ ಗುರುಗಳಿಗೆ ಮೈಸೂರಿನ ಕಚೇರಿಯಲ್ಲಿ ಹುದ್ದೆ. ಕಾಣದಿದ್ದರೆ ಸೋಮವಾರದಿಂದ ಮತ್ತೆ ಮಕ್ಕಳಿಗೆ ಮಗ್ಗಿ ಹೇಳಿಸುವುದು. ಕೊಟ್ರಮ್ಮನವರು ಪಾತ್ರೆಪಗಡೆ ಮೂಟೆ ಕಟ್ಟಿಯೂ ಆಗಿದೆ.

ಮನೆ ತುಂಬ ನೆಂಟರು, ಮಕ್ಕಳು. ಹಾಗಾಗಿ ಕಾಸನ್ನು ಗುರುಗಳು ನನ್ನ ಕೈಗಿಟ್ಟರು. ಎಷ್ಟು ಶಿಷ್ಯರಿಗೆ ಈ ಭಾಗ್ಯ? ಪರೀಕ್ಷೆಯಲ್ಲಿ ನಾನು ಡುಮ್ಕಿ ಹೊಡೆದಾಗಲೂ ಅವರು ಬೈಯಲಿಲ್ಲ. "ನಿನ್ ತಲೆ ಓಡಲ್ಲ, ಕೈ ಓಡತೈತೆ ಕಣಲೇ" ಎಂದಿದ್ದರು. ಈಗ ಎಚ್ಚರಿಸಿದ್ದೂ ಒಂದೇ ಮಾತು: "ಹುಣಸೆಹುಳಿ ಹಚ್ಚಿ ಉಜ್ಜಬ್ಯಾಡ ಮಾರಾಯ, ಅಕ್ಷರ ಸವೀತಾವೆ."

ಸಭಿಕರೇ, ನಾನು ಉಜ್ಜಿದೆನೇ? ಇಲ್ಲ! ಹುಳಿ ಮುಟ್ಟಿಸಿದೆನೇ? ಇಲ್ಲವೇ ಇಲ್ಲ!

ಆದರೆ ಶಾಲು ಇತ್ತು, ಹಾರ ಇತ್ತು, ಪದಕ ಇರಲಿಲ್ಲ. ಪದಕವಿಲ್ಲದೆ ಸನ್ಮಾನವೇ? ಗುರುಗಳಿಗೆ ಅವರ ಕಾಸಿಗಿಂತ ದೊಡ್ಡ ಪದಕವುಂಟೇ? ಕೈ ಓಡಿತು. ನೆಟ್ಟಗೆ ಅಕ್ಕಸಾಲಿಗನ ಬಳಿ ಹೋದೆ.

"ತೂತು ಎಲ್ಲಿಗೆ ಹಾಕ್ಲಿ ಬುದ್ದಿ?"

"ದೊರೆ ತಲೆ ಮೇಲೆ ಹಾಕಲೇ."

"ಈ ಕಡೆ ದೊರೆ ನೆಟ್ಟಗಾದ್ರೆ ಆ ಕಡೆ ಸಿಪಾಯಿ ತಲೆಕೆಳಗಾಗ್ತಾನಲ್ರಿ. ತೂತು ಅವನ ಕಾಲ್ ಕೆಳಗೇ ಬೀಳತೈತೆ."

"ಸಿಪಾಯಿ ಹೆಂಗಾರ ನೇತಾಡ್ಲಿ. ರಾಜ ನೆಟ್ಟಗಿರ್ಬೇಕು!"

ಮಹಾರಾಜರ ಪ್ರಜೆಯಾಗಿ ಬೇರೆ ಏನು ಹೇಳಲಿ?

ಇಗೋ, ಕೆಂಪು ರೇಷ್ಮೆ ದಾರದಲ್ಲಿ ಪೋಣಿಸಿ ಗುರುಗಳ ಕೊರಳಿಗೆ ಹಾಕಿದೆ. ಚಪ್ಪಾಳೆ ಬರಲಿ! ತಿರುಗಿಸಬೇಡಿ ಗುರುಗಳೇ, ದೊರೆ ಮುಂದಿರಲಿ. ನೋಡಿ, ಸಂತೋಷಕ್ಕೆ ಅವರ ಎರಡೂ ಕೈ ತಲೆಯ ಮೇಲೇರಿವೆ. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿರುವವರು ಪಂಚಾಕ್ಷರಪ್ಪನವರು. ಎಂಥ ದೊಡ್ಡ ಮನಸ್ಸು! ಅಧ್ಯಕ್ಷರು ಭೂತಗನ್ನಡಿ ಹಿಡಿದು ತೂತನ್ನೇ ನೋಡುತ್ತಿದ್ದಾರೆ. ಕನ್ನಡಿ ಯಾಕೆ ಸ್ವಾಮಿ? ದಾರ ದಪ್ಪ ಅಂತ ದೊಡ್ಡದಾಗಿಯೇ ಹಾಕಿಸಿದ್ದೇನೆ.

ಕಾಸು ಕೊಟ್ಟ ಮುದ್ದಣ್ಣನಿಗೆ, ಕೂಲಿ ಬೇಡವೆಂದ ಅಕ್ಕಸಾಲಿಗನಿಗೆ, ಕೂತು ಕೇಳಿದ ನಿಮಗೆಲ್ಲ ವಂದನೆಗಳು. ಕೊಟ್ರಮ್ಮನವರೇ, ಮೂಟೆಗಳನ್ನು ಗಾಡಿಗೆ ಏರಿಸಲು ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ.

ನಮಸ್ಕಾರ.